ವಾಚ್ ಗುಂಯ್ ಅಂದ್ರ ಕುರ್ಚಿ ಬಿಡ್ತೀರೇನ್ರಿ?

ಬೆಳಗಾವಿ ಟಿಳಕವಾಡಿಯ ನಮ್ಮ ಫಿಜಿಯೋಥೆರಪಿ ಕ್ಲಿನಿಕ್ಕಿಗೆ ಸಂಜೀಕ ಬರೋರು ಬಹಳಷ್ಟು ಬ್ಯಾಂಕು, ಆಡಿಟ್ ಆಫೀಸು, ಸಾಫ್ಟ್‌ವೇರ್ ಮಂದಿ. ಸೊಂಟ ಹಿಡದೈತ್ರಿ, ಕುತ್ತಿಗಿ ಹೊಳ್ಳವಲ್ದು ಅಂತಾರ. ಕೈಯಾಗ ನೋಡಿದ್ರ ಸ್ಮಾರ್ಟ್‌ವಾಚ್, ತಾಸಿಗೊಮ್ಮೆ ಎದ್ದೇಳ್ರಿ ಅಂತ ಗುಂಯ್‌ಗುಡತೈತಿ.

ಒಬ್ರು ಬ್ಯಾಂಕಿನ ಸಾಹೇಬ್ರು ನನ್ನ ಮುಂದನ ಮಾಡಿ ತೋರಿಸಿದ್ರು. ಅದು ಗುಂಯ್ ಅಂದ ಕೂಡ್ಲೇ ಕುಂತಲ್ಲೇ ಕೈ ಕುರ್ಚಿ ಬಾಜೂಕ ಜೋತು ಬಿಟ್ಟು ಒಂದೀಟು ಅಲ್ಲಾಡಸ್ತಾರ, ವಾಚು ಎದ್ರು ಅಂತ ತಿಳ್ಕೊಂಡು ಶಾಬಾಸ್ ಅಂತೈತಿ. ಪಾಪ, ಅದಕ್ಕ ಮಣಿಕಟ್ಟಿನ ಸುದ್ದಿ ಅಷ್ಟ ಗೊತ್ತಾಕ್ಕೈತಿ, ಕುಂಡಿ ಕುರ್ಚಿ ಬಿಟ್ಟೈತೋ ಇಲ್ಲೋ ಅದಕ್ಕೇನ್ ಗೊತ್ತು.

ನಡೀವಾಗ ಮೀನಖಂಡ ಹಿಂಡಿ ಹಿಂಡಿ ರಕ್ತಾನ ಮ್ಯಾಲೆ ದಬ್ಬತೈತಿ, ಕುಂತ್ರ ಆ ಪಂಪ್ ಬಂದ್, ಊಟದ ಸಕ್ಕರಿನೂ ಸ್ನಾಯು ಸರಿಯಾಗಿ ಎಳಕೊಳ್ಳೂದಿಲ್ಲ. 1953ರಾಗ ಜೆರ್ರಿ ಮಾರಿಸ್ ಅನ್ನೋ ಡಾಕ್ಟ್ರು ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸಿನವ್ರನ್ನ ನೋಡಿದ್ರು, ದಿನಾ ಮೆಟ್ಲ ಹತ್ತಿ ಇಳಿಯೋ ಕಂಡಕ್ಟರ್‌ಗಿಂತ ಕುಂತು ಓಡಸೋ ಡ್ರೈವರ್‌ಗೆ ಹೃದಯದ ರೋಗ ಜಾಸ್ತಿ ಇತ್ತು.

ನನ್ನ ಕೇಳಿದ್ರ ಗುಂಯ್ ಅನ್ನೋದು ತಪ್ಪಲ್ಲ, ಅದು ಬರೋ ಹೊತ್ತು ತಪ್ಪು. ಜಿಎಸ್‌ಟಿ ರಿಟರ್ನ್ ಅರ್ಧಕ್ಕ ಬಂದಾಗ ಏಳು ಅಂದ್ರ ಯಾರ್ ಏಳ್ತಾರ್ರಿ? ಅದಕ್ಕ ಗಡಿಯಾರಕ್ಕ ಬ್ಯಾಡ, ಕೆಲಸಕ್ಕ ಗಂಟ ಹಾಕ್ರಿ. ಬ್ಲೂಟೂತ್ ಕಿವಿಗೆ ಸಿಗಿಸಿ, ಕಾಲ್ ಬಂತಂದ್ರ ಎದ್ದು ಅಡ್ಡಾಡಕೋತ ಮಾತಾಡೂದು. ವೈಫೈ ಪ್ರಿಂಟರ್ ಟೇಬಲ್ ಬಿಟ್ಟು ಆ ಕಡೀ ಮೂಲ್ಯಾಗ. ಗೂಗಲ್ ಕ್ಯಾಲೆಂಡರ್‌ನಾಗ 30 ನಿಮಿಷದ ಮೀಟಿಂಗ್ ತಾನ 25ಕ್ಕ ಮುಗಿಯೂಹಂಗ ಸೆಟ್ಟಿಂಗ್ ಐತಿ, ಉಳಿದ ಐದು ನಿಮಿಷ ಕಾಲಿಗೆ. ಆಯುಷ್ ಸಚಿವಾಲಯದ್ದು ವೈ-ಬ್ರೇಕ್ ಅಂತ ಆ್ಯಪ್ 2021ರಾಗ ಬಂದೈತಿ, ಕುರ್ಚಿ ಹತ್ರನ ಮಾಡೋ ಐದು ನಿಮಿಷದ ಯೋಗ, ಚಲೋ ಐತಿ, ಆದ್ರ ಒಬ್ರ ಮಾಡಾಕ ನಾಚಿಕಿ ಬರತೈತಿ, ಮ್ಯಾನೇಜರ್ ಮೊದಲ ಎದ್ರ ಇಡೀ ಬ್ರ್ಯಾಂಚ್ ಏಳತೈತಿ.

ಎತ್ತರ ಇಳಸಿ ಏರಸೋ ಟೇಬಲ್ ತರಸ್ಲೇನ್ರಿ ಅಂತ ಕೇಳ್ತಾರ. ರೊಕ್ಕ ಇದ್ರ ತರಸ್ರಿ, ಆದ್ರ ಇಡೀ ದಿನ ನಿಂತ್ರ ಮತ್ತ ಹಿಮ್ಮಡಿ ನೋವು ಅಂತ ನನ್ನ ಹಂತೇಕನ ಬರ್ತೀರಿ.

ವಾಚಿನ ಅಲಾರಂ ಒಂದ ಇಡೂದಾದ್ರ ಮಧ್ಯಾಹ್ನದ ಊಟ ಆದ ಮ್ಯಾಲಿಂದು ಇಡ್ರಿ, ಎರಡರಿಂದ ಐದು ನಿಮಿಷ ಆಗಾಗ ಅಡ್ಡಾಡಿದ್ರೂ ಸಕ್ಕರಿ ಏರೂದು ತಗ್ಗತೈತಿ. ಆಫೀಸಿನಾಗ ಯಾರರ ಕುಂದಾ ಹಂಚಿದ ದಿನ ಎರಡು ಇಡ್ರಿ.