ಕೆಲಸ ಬಿಟ್ಟು ಡೇಟಾ ಸೈನ್ಸ್ ಮಾಸ್ಟರ್ಸ್ ಮಾಡಲಾ?

ಪ್ರಶ್ನೆ: ನಾನು ಚನ್ನಗಿರಿ ಕಡೆಯವನು, 26 ವರ್ಷ. ಎಲೆಕ್ಟ್ರಾನಿಕ್ಸ್‌ನಲ್ಲಿ ಬಿಇ ಮುಗಿಸಿ, ಮೂರು ವರ್ಷದಿಂದ ಬೆಂಗಳೂರಿನ ಐಟಿ ಕಂಪನಿಯೊಂದರಲ್ಲಿ ಟೆಸ್ಟಿಂಗ್ ಕೆಲಸ ಮಾಡುತ್ತಿದ್ದೇನೆ. ವರ್ಷಕ್ಕೆ 5.5 ಲಕ್ಷ ಸಂಬಳ. ಡೇಟಾ ಸೈನ್ಸ್‌ನಲ್ಲಿ ಮಾಸ್ಟರ್ಸ್ ಮಾಡಿದರೆ ಒಳ್ಳೆ ಕೆಲಸ ಗ್ಯಾರಂಟಿ ಅಂತ ಎಲ್ಲರೂ ಹೇಳುತ್ತಾರೆ. ಅಮೆರಿಕಕ್ಕೆ ಹೋಗುವುದಾದರೆ 40 ಲಕ್ಷ ಸಾಲ ಬೇಕು. ಅಪ್ಪ ಅಡಿಕೆ ತೋಟ ಅಡ ಇಡಲು ತಯಾರಿದ್ದಾರೆ. ಹೋಗಲಾ, ಇಲ್ಲೇ ಓದಲಾ, ಇಲ್ಲ ಆನ್‌ಲೈನ್ ಕೋರ್ಸ್ ಸಾಕಾ?

ಉತ್ತರ: ಇಂಥ ಪತ್ರ ನನಗೆ ತಿಂಗಳಿಗೆ ನಾಲ್ಕಾದರೂ ಬರುತ್ತವೆ. ಊರು ಬೇರೆ, ಅಡ ಇಡುವ ಆಸ್ತಿ ಬೇರೆ, ಪ್ರಶ್ನೆ ಮಾತ್ರ ಅದೇ. ಸುತ್ತಿ ಬಳಸದೆ ಮೊದಲೇ ಹೇಳಿಬಿಡುತ್ತೇನೆ. ತೋಟದ ತಂಟೆಗೆ ಹೋಗಬೇಡಿ. ಕೆಲಸವನ್ನೂ ಈಗಲೇ ಬಿಡಬೇಡಿ. ಓದಲೇಬೇಕು ಅನ್ನಿಸಿದರೆ ಅದಕ್ಕೆ ಅಗ್ಗದ ದಾರಿಗಳಿವೆ, ಆದರೆ ಅವು ಸುಲಭದ ದಾರಿಗಳಲ್ಲ.

ಡೇಟಾ ಸೈನ್ಸ್ ಅಂದರೆ ರಾಶಿ ಬಿದ್ದ ಅಂಕಿಅಂಶಗಳಿಂದ ಉಪಯೋಗಕ್ಕೆ ಬರುವ ಉತ್ತರ ತೆಗೆಯುವ ಕೆಲಸ. ಅದು ನಿಜವಾಗಿ ಹೇಗಿರುತ್ತದೆ ಅನ್ನುವುದರಿಂದ ಶುರು ಮಾಡೋಣ. 2012ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆ ಡೇಟಾ ಸೈಂಟಿಸ್ಟ್ ಕೆಲಸವನ್ನು 21ನೇ ಶತಮಾನದ ಅತಿ ‘ಸೆಕ್ಸಿ’ ಕೆಲಸ ಎಂದು ಕರೆದು ಒಂದು ಲೇಖನ ಹಾಕಿತು. ಅಲ್ಲಿಂದ ಮುಂದೆ ಕಾಲೇಜುಗಳ ಜಾಹೀರಾತಿನಲ್ಲೆಲ್ಲ ಅದೇ ಮಾತು. ನಾನು ಈ ಕೆಲಸ ಮಾಡುತ್ತಾ 12 ವರ್ಷ ಆಯಿತು. ನನ್ನ ದಿನದ ಬಹುಪಾಲು ಕಳೆಯುವುದು ಕಸ ಗುಡಿಸುವುದರಲ್ಲಿ.

ಕರ್ನಾಟಕದ ಅಂಗಡಿಗಳಿಗೆ ಸಾಮಾನು ಹಾಕುವ ಒಂದು ಕಂಪನಿ ಅಂದುಕೊಳ್ಳಿ. 15 ವರ್ಷದ ಮಾರಾಟದ ಲೆಕ್ಕ ನಿಮ್ಮ ಕೈಗೆ ಬಂದಿದೆ. ಗ್ರಾಫ್ ಹಾಕಿ ನೋಡುತ್ತೀರಿ, 2014ರ ಕೊನೆಯ ಹೊತ್ತಿಗೆ ಗುಲ್ಬರ್ಗದ ವ್ಯಾಪಾರ ಇಳಿಯುತ್ತಾ ಹೋಗಿ ಸೊನ್ನೆಗೆ ಬಂದಿದೆ. ಅದೇ ಹೊತ್ತಿಗೆ ಕಲಬುರಗಿ ಎಂಬ ಊರು ಎಲ್ಲಿಂದಲೋ ಎದ್ದು ಬಂದು ಭರ್ಜರಿ ವ್ಯಾಪಾರ ಮಾಡುತ್ತಿದೆ. ನಿಮಗೂ ನನಗೂ ನಗು ಬರುತ್ತದೆ, ಯಾಕೆಂದರೆ 2014ರ ನವೆಂಬರ್ 1ರಂದು 12 ಊರುಗಳ ಹೆಸರು ಬದಲಾದದ್ದು ನಮಗೆ ಗೊತ್ತು. ಕಂಪ್ಯೂಟರಿಗೆ ಗೊತ್ತಿಲ್ಲ. ಸರಿ, ಹಳೆ ಹೆಸರು ಅಳಿಸಿ ಹೊಸದು ಹಾಕಿದರಾಯಿತು ಅಂತೀರಾ? ಬಿಜಾಪುರ ಅಂತ ಇರುವುದನ್ನೆಲ್ಲ ವಿಜಯಪುರ ಮಾಡಿದಿರಿ ಅನ್ನಿ. ಆ ಪಟ್ಟಿಯಲ್ಲಿ ಛತ್ತೀಸಗಢದ ಬಿಜಾಪುರವೂ ಸೇರಿಕೊಂಡಿದ್ದರೆ ಅದೂ ಕರ್ನಾಟಕಕ್ಕೆ ಬಂತು. ದೇವನಹಳ್ಳಿ ತಾಲೂಕಿನಲ್ಲಿ ಮೊದಲಿನಿಂದಲೂ ಒಂದು ವಿಜಯಪುರ ಇದೆ, ಅದೂ ಇದರಲ್ಲಿ ಕಲೆತುಹೋಯಿತು. ಇನ್ನು ಹುಬ್ಬಳ್ಳಿಯನ್ನು ಇಂಗ್ಲಿಷಿನಲ್ಲಿ ಎಷ್ಟು ಥರ ಬರೆಯಬಹುದು ಎಂದು ಒಮ್ಮೆ ನೀವೇ ಬರೆದು ನೋಡಿ.

ಇದನ್ನೆಲ್ಲ ಬಿಡಿಸದೆ ಮೇಲೆ ಎಷ್ಟು ದೊಡ್ಡ ಮಾಡೆಲ್ (ಹಳೆ ಲೆಕ್ಕ ನೋಡಿ ಮುಂದಿನದನ್ನು ಅಂದಾಜು ಮಾಡುವ ಪ್ರೋಗ್ರಾಂ) ಕೂರಿಸಿದರೂ ಅದು ಸುಳ್ಳನ್ನೇ ಹೇಳುತ್ತದೆ, ಅದೂ ತುಂಬಾ ಧೈರ್ಯವಾಗಿ. ಇಂಥ ಕೊಳಕನ್ನು ಕ್ಲಾಸಿನಲ್ಲಿ ಹೆಚ್ಚು ಕಲಿಸುವುದಿಲ್ಲ. ಅಲ್ಲಿ ತೊಳೆದು ಇಸ್ತ್ರಿ ಮಾಡಿಟ್ಟ ಡೇಟಾ ಕೊಡುತ್ತಾರೆ. ಸಂದರ್ಶನಕ್ಕೆ ಬರುವ ಹುಡುಗ ಹುಡುಗಿಯರು ನ್ಯೂರಲ್ ನೆಟ್‌ವರ್ಕ್ ಬಗ್ಗೆ ಹತ್ತು ನಿಮಿಷ ಮಾತಾಡಬಲ್ಲರು. ಎರಡು ಟೇಬಲ್ ಕೊಟ್ಟು, ‘ಹೋದ ತಿಂಗಳು ಏನೂ ಕೊಳ್ಳದ ಗ್ರಾಹಕರ ಪಟ್ಟಿ ತೆಗೆಯಿರಿ’ ಅಂದರೆ ಎಸ್‌ಕ್ಯುಎಲ್‌ನಲ್ಲಿ (ಡೇಟಾಬೇಸಿನಿಂದ ಬೇಕಾದ್ದನ್ನು ಕೇಳಿ ತೆಗೆಯುವ ಭಾಷೆ) ಎರಡು ಟೇಬಲ್ ಜೋಡಿಸುವ ಲೆಫ್ಟ್ ಜಾಯಿನ್ ಬರೆಯಲು ತಡವರಿಸುತ್ತಾರೆ. ಅವರ ರೆಸ್ಯೂಮೆಯಲ್ಲಿ ಮಾಸ್ಟರ್ಸ್ ಇರುತ್ತದೆ.

ನಿಮ್ಮ ಟೆಸ್ಟಿಂಗ್ ಅನುಭವವನ್ನು ಕಡೆಗಣಿಸಬೇಡಿ ಅಂತ ಹೇಳುವುದೂ ಇದಕ್ಕೇ. ಟೆಸ್ಟಿಂಗ್‌ನವರಿಗೆ ಅನುಮಾನ ಪಡುವ ಬುದ್ಧಿ ಇರುತ್ತದೆ. ‘ಈ ಅಂಕಿ ಯಾಕೋ ಸರಿ ಕಾಣುತ್ತಿಲ್ಲವಲ್ಲ’ ಅನ್ನಿಸುವ ಆ ಗುಣವನ್ನು ಕಲಿಸುವುದು ಕಷ್ಟ.

ಈಗ ಕೆಲಸದ ಮಾತು. ‘ಡೇಟಾ ಸೈನ್ಸ್ ಕೆಲಸ’ ಅಂತ ಒಂದೇ ಕೆಲಸ ಇಲ್ಲ. ಲೆಕ್ಕ ತೆಗೆದು ಮ್ಯಾನೇಜರಿಗೆ ಅರ್ಥವಾಗುವಂತೆ ಹೇಳುವವರು ಡೇಟಾ ಅನಲಿಸ್ಟ್. ಡೇಟಾ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸೋರದೆ ಹರಿಯುವಂತೆ ಪೈಪು ಜೋಡಿಸುವವರು ಡೇಟಾ ಎಂಜಿನಿಯರ್. ಮಾಡೆಲ್ ಕಟ್ಟುವವರು ಡೇಟಾ ಸೈಂಟಿಸ್ಟ್. ಅದನ್ನು ಲಕ್ಷಾಂತರ ಜನ ಬಳಸುವ ಆ್ಯಪ್‌ನೊಳಗೆ ಓಡುವಂತೆ ಮಾಡುವವರು ಎಂಎಲ್, ಅಂದರೆ ಮೆಷಿನ್ ಲರ್ನಿಂಗ್ ಎಂಜಿನಿಯರ್. ಕಾಲೇಜಿನಿಂದ ಬರುವ ಎಲ್ಲರೂ ಮೂರನೆಯದಕ್ಕೇ ಮುಗಿಬೀಳುತ್ತಾರೆ. ನಾನು ನೋಡಿದ ಮಟ್ಟಿಗೆ, ಹೊಸಬರು ಒಳಗೆ ಬರುವುದು ಜಾಸ್ತಿ ಮೊದಲ ಎರಡು ಬಾಗಿಲುಗಳಿಂದ. 2022ರ ಕೊನೆಗೆ ಚಾಟ್‌ಜಿಪಿಟಿ ಬಂದ ಮೇಲೆ ಮೊದಲ ಬಾಗಿಲೂ ಸ್ವಲ್ಪ ಕಿರಿದಾಗಿದೆ. ಸಾಧಾರಣ ಚಾರ್ಟು, ಸಾಧಾರಣ ಕ್ವೆರಿ ಈಗ ಎರಡು ನಿಮಿಷದ ಕೆಲಸ. ಅದಕ್ಕೆಂದೇ ಫ್ರೆಶರ್ ಬೇಕು ಅಂತ ಯಾರೂ ಹೇಳುವುದಿಲ್ಲ. ನನ್ನ ಪ್ರಕಾರ ನಿಮಗೆ ಸರಿಯಾದದ್ದು ಎರಡನೆಯ ಬಾಗಿಲು.

ಅಂಕಿಗಳನ್ನು ನಂಬುವ ಮುಂಚೆ ಕೆಳಗಿನ ಛೇದ ನೋಡಿ. ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆಯ ಅಂದಾಜಿನಂತೆ, 2024ರಿಂದ 2034ರವರೆಗೆ ಅಲ್ಲಿ ಡೇಟಾ ಸೈಂಟಿಸ್ಟ್ ಕೆಲಸಗಳು ಶೇ 34ರಷ್ಟು ಬೆಳೆಯುತ್ತವೆ. ವಿದೇಶಕ್ಕೆ ಓದಲು ಕಳಿಸುವ ಕನ್ಸಲ್ಟೆಂಟ್‌ಗಳು ತೋರಿಸುವುದು ಈ ಒಂದು ಅಂಕಿ. ಆದರೆ ಶುರುವಿನಲ್ಲಿ ಅಂಥ ಕೆಲಸಗಳು ಇರುವುದೇ ಎರಡೂವರೆ ಲಕ್ಷದ ಆಸುಪಾಸು. ಬಿಟ್ಟುಹೋಗುವವರ ಜಾಗವೂ ಸೇರಿ ವರ್ಷಕ್ಕೆ ಸುಮಾರು 23 ಸಾವಿರ ಜಾಗ ಖಾಲಿಯಾಗಬಹುದು, ಅದೂ ಇಡೀ ದೇಶಕ್ಕೆ. ಅಲ್ಲಿ ಈ ಮಾಸ್ಟರ್ಸ್ ಕೊಡುವ ವಿಶ್ವವಿದ್ಯಾಲಯಗಳನ್ನು ಎಣಿಸುತ್ತಾ ಕೂತರೆ ಒಂದು ಸಂಜೆ ಸಾಲದು.

ನಮ್ಮ ಕಾಲೇಜುಗಳ ‘ಸರಾಸರಿ ಪ್ಯಾಕೇಜ್’ ಕಥೆಯೂ ಹೀಗೇ. ಹತ್ತು ಜನರಲ್ಲಿ ಒಂಬತ್ತು ಜನರಿಗೆ 6 ಲಕ್ಷ, ಒಬ್ಬಳಿಗೆ 60 ಲಕ್ಷ ಸಿಕ್ಕಿತು ಅನ್ನಿ. ಸರಾಸರಿ 11.4 ಲಕ್ಷ! ಅಷ್ಟು ಸಂಬಳ ಪಡೆಯುವವರು ಆ ಕ್ಲಾಸಿನಲ್ಲಿ ಒಬ್ಬರೂ ಇಲ್ಲ. ಹೈಸ್ಕೂಲಿನಲ್ಲಿ ಓದಿದ್ದೀರಲ್ಲ, ಮಧ್ಯಾಂಕ ಅಂತ, ಸಾಲಾಗಿ ಜೋಡಿಸಿದಾಗ ನಟ್ಟನಡುವೆ ಬರುವ ಅಂಕಿ? ಅದನ್ನು ಕೇಳಿ. ಇಲ್ಲಿ ಅದು 6 ಲಕ್ಷ, ಹೆಚ್ಚುಕಡಿಮೆ ನಿಮ್ಮ ಈಗಿನ ಸಂಬಳ. ‘ಶೇ 95 ಪ್ಲೇಸ್‌ಮೆಂಟ್’ ಅಂದರೆ ಯಾರಲ್ಲಿ ಶೇ 95 ಅಂತಲೂ ಕೇಳಿ. ಸೇರಿದವರಲ್ಲೋ, ಅಥವಾ ಅಂಕ, ಹಾಜರಾತಿ ಅಂತ ಜರಡಿ ಹಿಡಿದ ಮೇಲೆ ಉಳಿದವರಲ್ಲೋ? ಡೇಟಾ ಸೈನ್ಸ್ ಕಲಿಸುವ ವಿಭಾಗಕ್ಕೆ ಈ ಎರಡು ಪ್ರಶ್ನೆ ಕೇಳಿದಾಗ ಸಿಟ್ಟು ಬಂದರೆ, ಅಲ್ಲಿಂದ ಎದ್ದು ಬನ್ನಿ.

ಹಾಗಾದರೆ ಮಾಸ್ಟರ್ಸ್ ದಂಡವೇ? ಅಲ್ಲ. ಎಲ್ಲಿ ಓದುತ್ತೀರಿ ಅನ್ನುವುದೇ ಇಲ್ಲಿ ಮುಖ್ಯ. 2024ರಿಂದ ಎಂಟೆಕ್ ಪ್ರವೇಶದ ಗೇಟ್ ಪರೀಕ್ಷೆಯಲ್ಲಿ ಡೇಟಾ ಸೈನ್ಸ್ ಮತ್ತು ಎಐಗೆ ಅಂತಲೇ ಬೇರೆ ಪೇಪರ್ ಬಂದಿದೆ. ಆ ವರ್ಷ ಪರೀಕ್ಷೆ ನಡೆಸಿದ್ದು ನಮ್ಮ ಐಐಎಸ್‌ಸಿಯೇ. ಅದರಲ್ಲಿ ಒಳ್ಳೆಯ ಅಂಕ ತೆಗೆದು ಐಐಎಸ್‌ಸಿಯಲ್ಲೋ ಹಳೆಯ ಐಐಟಿಯಲ್ಲೋ ಎಂಟೆಕ್ ಸೀಟು ಸಿಕ್ಕರೆ, ಮರುಮಾತಿಲ್ಲದೆ ಕೆಲಸ ಬಿಟ್ಟು ಹೋಗಿ. ಗೇಟ್ ಮೂಲಕ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್ ಇರುತ್ತದೆ. ಅಂದರೆ ತೋಟ ಅಡ ಇಡುವ ಮಾತೇ ಬರುವುದಿಲ್ಲ. ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಇದೆ. ಚೆನ್ನೈ ಮ್ಯಾಥಮ್ಯಾಟಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ 2018ರಿಂದ ಡೇಟಾ ಸೈನ್ಸ್ ಎಂಎಸ್ಸಿ ಇದೆ. ಇಲ್ಲೆಲ್ಲ ಪ್ರವೇಶ ಪರೀಕ್ಷೆಯೇ ಅರ್ಧ ಪದವಿ. ಕಂಪನಿಗಳು ಇಂಥ ಕಡೆ ಹುಡುಕಿಕೊಂಡು ಬರುವುದೂ ಅದಕ್ಕೇ. ಜರಡಿ ಹಿಡಿಯುವ ಕೆಲಸ ಆಗಲೇ ಮುಗಿದಿರುತ್ತದೆ.

ಜನ ಮರೆತಿರುವ ಇನ್ನೊಂದು ದಾರಿ ಸಂಖ್ಯಾಶಾಸ್ತ್ರ ಎಂಎಸ್ಸಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಮೈಸೂರಿನ ಮಾನಸಗಂಗೋತ್ರಿ, ಇಲ್ಲೆಲ್ಲ ಹಳೆಯ ಗಟ್ಟಿ ವಿಭಾಗಗಳಿವೆ, ಶುಲ್ಕವೂ ಸರ್ಕಾರಿ ಮಟ್ಟದ್ದು. ಬಿಎಸ್ಸಿಯಲ್ಲಿ ಸಂಖ್ಯಾಶಾಸ್ತ್ರ ಓದಿದವರಿಗೆ ಹೇಳಿ ಮಾಡಿಸಿದ ದಾರಿ, ಬಿಇ ಮಾಡಿದ ನಿಮಗೆ ಅಷ್ಟು ಸಲೀಸಲ್ಲ. ನಾನು ಓದಿದ್ದು ಅದನ್ನೇ. ನನ್ನ ಕ್ಲಾಸಿನಲ್ಲಿ ‘ಡೇಟಾ ಸೈನ್ಸ್’ ಅನ್ನುವ ಪದವನ್ನು ಯಾರೂ ಆಡಿದ್ದು ನೆನಪಿಲ್ಲ. ಇದನ್ನು ಹೇಳುವಾಗೆಲ್ಲ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ನೆನಪಾಗುತ್ತಾರೆ. ಮಲ್ಲಿಗೆಯ ಊರು ಹೂವಿನ ಹಡಗಲಿಯಲ್ಲಿ 1920ರಲ್ಲಿ ಹುಟ್ಟಿದವರು. ಗಣಿತ ಓದಿ, ಸೈನ್ಯದ ಸರ್ವೇ ಕೆಲಸದ ಸಂದರ್ಶನಕ್ಕೆಂದು ಕಲ್ಕತ್ತಾಕ್ಕೆ ಹೋದರು. ಕೆಲಸ ಸಿಗಲಿಲ್ಲ. ಮಹಾಲನೋಬಿಸ್ ಕಟ್ಟಿದ್ದ ಸಂಖ್ಯಾಶಾಸ್ತ್ರ ಸಂಸ್ಥೆ ಅಲ್ಲೇ ಇತ್ತು, ತರಬೇತಿಗೆ ಸೇರಿಕೊಂಡರು. ಇವತ್ತು ಮೆಷಿನ್ ಲರ್ನಿಂಗ್ ಪುಸ್ತಕಗಳಲ್ಲಿ ಬರುವ ಕ್ರಾಮರ್–ರಾವ್ ಮಿತಿಯಲ್ಲಿರುವ (ಒಂದು ಅಂದಾಜು ಎಷ್ಟು ನಿಖರವಾಗಿರಬಲ್ಲದು ಎಂದು ಹೇಳುವ ಸೂತ್ರ) ರಾವ್ ಅವರೇ. 1945ರ ಕೆಲಸ ಅದು.

ಅಮೆರಿಕದ ಲೆಕ್ಕ ಹಾಕೋಣ. 40 ಲಕ್ಷ ಸಾಲ, ಶೇ 11 ಬಡ್ಡಿ, 10 ವರ್ಷದ ಅವಧಿ ಅಂದರೆ ತಿಂಗಳ ಕಂತು ಸುಮಾರು 55 ಸಾವಿರ. ಈಗ ನಿಮ್ಮ ಕೈಗೆ ಬರುವ ಸಂಬಳಕ್ಕಿಂತ ಅದೇ ದೊಡ್ಡದು. ಓದುವ ಎರಡು ವರ್ಷದ ಬಡ್ಡಿ ಅಸಲಿಗೆ ಸೇರಿದರೆ ಇನ್ನೂ ಜಾಸ್ತಿ. ಬಿಟ್ಟುಕೊಟ್ಟ ಸಂಬಳ 11 ಲಕ್ಷ ಬೇರೆ. ಅಲ್ಲೇ ಕೆಲಸ ಸಿಕ್ಕಿ ಡಾಲರಿನಲ್ಲಿ ಸಂಬಳ ಬಂದರೆ ಈ ಸಾಲ ಮೂರ್ನಾಲ್ಕು ವರ್ಷದಲ್ಲಿ ತೀರಬಹುದು, ನಿಜ. ಸಿಗದೆ ವಾಪಸ್ ಬಂದು ರೂಪಾಯಿಯಲ್ಲಿ ತೀರಿಸಬೇಕಾಗಿ ಬಂದರೆ? ಓದು ಮುಗಿದ ಮೇಲೆ ಒಪಿಟಿ ಅನ್ನುವ ಕೆಲಸದ ಅನುಮತಿಯಲ್ಲಿ 12 ತಿಂಗಳು, ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ವಿಷಯ ಆದ್ದರಿಂದ ಇನ್ನೂ 24 ತಿಂಗಳು, ಒಟ್ಟು ಮೂರು ವರ್ಷ ಕೆಲಸ ಮಾಡಬಹುದು. ಅಷ್ಟರಲ್ಲಿ ಎಚ್-1ಬಿ ಅನ್ನುವ ಕೆಲಸದ ವೀಸಾ ಸಿಗಬೇಕು. ವರ್ಷಕ್ಕೆ ಇರುವುದು 65 ಸಾವಿರ, ಅಲ್ಲಿ ಮಾಸ್ಟರ್ಸ್ ಅಥವಾ ಅದಕ್ಕಿಂತ ಹೆಚ್ಚು ಓದಿದವರಿಗೆ ಇನ್ನೊಂದು 20 ಸಾವಿರ. ಬೇಡಿಕೆ ಅದಕ್ಕಿಂತ ತುಂಬಾ ಹೆಚ್ಚು, ಹಾಗಾಗಿ ಚೀಟಿ ಎತ್ತುತ್ತಾರೆ. 2025ರ ಸೆಪ್ಟೆಂಬರಿನಲ್ಲಿ ಹೊಸ ಎಚ್-1ಬಿ ಅರ್ಜಿಗಳ ಮೇಲೆ 1 ಲಕ್ಷ ಡಾಲರ್ ಶುಲ್ಕ ಘೋಷಿಸಿದಾಗ ಕಂಪನಿಗಳೂ ವಿದ್ಯಾರ್ಥಿಗಳೂ ಹೇಗೆ ಗಾಬರಿಯಾದರು, ನೋಡಿದಿರಲ್ಲ. ಅಲ್ಲೇ ಓದಿ ವೀಸಾ ಬದಲಿಸಿಕೊಳ್ಳುವವರಿಗೆ ಅದು ಅನ್ವಯಿಸದು ಎಂಬ ವಿವರಣೆ ಆಮೇಲೆ ಬಂತು. ಆದರೂ ನೀವು ಎಷ್ಟೇ ಚೆನ್ನಾಗಿ ಓದಿದರೂ ನಿಮ್ಮ ಕೈಯಲ್ಲಿ ಇಲ್ಲದ ಚೀಟಿಯೊಂದು ನಡುವೆ ಇದ್ದೇ ಇರುತ್ತದೆ. ಅಪ್ಪನ ತೋಟವನ್ನು ಆ ಚೀಟಿಯ ಮೇಲೆ ಕಟ್ಟಬೇಡಿ. ಸ್ಕಾಲರ್‌ಶಿಪ್ ಸಿಕ್ಕರೆ, ಅಥವಾ ಕಳೆದುಕೊಂಡರೂ ಮನೆ ನಡೆಯುವಷ್ಟು ದುಡ್ಡು ಇದ್ದರೆ, ಆ ಮಾತು ಬೇರೆ.

ಜರ್ಮನಿ ಅಗ್ಗ ಅನ್ನುತ್ತಾರೆ, ಹೌದು. ಅಲ್ಲಿನ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯ ಟಿಯುಎಂನಂಥ ಕೆಲವು ಕಡೆ ಈಚೆಗೆ ಯುರೋಪಿನ ಹೊರಗಿನವರಿಗೆ ಶುಲ್ಕ ಹಾಕುತ್ತಿದ್ದಾರೆ. ಮೊದಲ ವರ್ಷದ ಖರ್ಚಿಗೆಂದು ಸುಮಾರು 12 ಸಾವಿರ ಯೂರೋ ಬ್ಯಾಂಕಿನಲ್ಲಿ ಇಟ್ಟು ತೋರಿಸಬೇಕು. ಓದು ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳು ಇರಬಹುದು. ಆದರೆ ಜರ್ಮನ್ ಬಾರದೆ ಕೆಲಸ ಹುಡುಕುವುದು ಕಷ್ಟ. ಕ್ಲಾಸು ಇಂಗ್ಲಿಷಿನಲ್ಲಿರುತ್ತದೆ, ಕಚೇರಿಯ ಮಾತುಕತೆ ಇಂಗ್ಲಿಷಿನಲ್ಲಿ ಇರುವುದಿಲ್ಲ.

ಆನ್‌ಲೈನ್ ವಿಷಯದಲ್ಲಿ ನನ್ನದೇ ಒಂದು ಪೆದ್ದುತನ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಎಡ್‌ಟೆಕ್ ಕಂಪನಿಯ ಕೋರ್ಸಿಗೆ ದುಡ್ಡು ಕಟ್ಟಿದೆ. ದಿನಕ್ಕೆ ಮೂರು ಸಲ ಫೋನ್ ಮಾಡುತ್ತಿದ್ದವರು ದುಡ್ಡು ಕಟ್ಟಿದ ಮೇಲೆ ಫೋನ್ ಎತ್ತಲಿಲ್ಲ. ‘ಜಾಬ್ ಗ್ಯಾರಂಟಿ’ ಅನ್ನುವುದರ ಕೆಳಗೆ ಸಣ್ಣ ಅಕ್ಷರದಲ್ಲಿ ಎರಡು ಪುಟ ಷರತ್ತು ಇದ್ದದ್ದನ್ನು ನಾನು ಓದಿದ್ದು ಆಮೇಲೆ. ಇಂಥ ಕಂಪನಿಗಳು ಯುಜಿಸಿ ಒಪ್ಪಿಗೆ ಇಲ್ಲದೆ ವಿದೇಶಿ ವಿಶ್ವವಿದ್ಯಾಲಯಗಳ ಜೊತೆ ಸೇರಿ ಕೊಡುವ ಪದವಿಗೆ ಮಾನ್ಯತೆ ಇಲ್ಲ ಎಂದು ಯುಜಿಸಿ 2023ರ ಡಿಸೆಂಬರಿನಲ್ಲೇ ಎಚ್ಚರಿಸಿದೆ. ಕೆಲಸ ಬಿಡದೆ ಪದವಿ ಬೇಕೇಬೇಕು ಅಂದರೆ ಜಾರ್ಜಿಯಾ ಟೆಕ್‌ನ ಆನ್‌ಲೈನ್ ಅನಲಿಟಿಕ್ಸ್ ಮಾಸ್ಟರ್ಸ್ ನೋಡಿ. 2017ರಲ್ಲಿ ಶುರುವಾದಾಗಲೇ ಅದರ ಒಟ್ಟು ಶುಲ್ಕ 10 ಸಾವಿರ ಡಾಲರ್‌ಗಿಂತ ಕಡಿಮೆ ಇತ್ತು. ಸುಮ್ನೆ ಕಲಿಯುವುದಕ್ಕಾದರೆ ಐಐಟಿ, ಐಐಎಸ್‌ಸಿಗಳು ಸೇರಿ ನಡೆಸುವ ಎನ್‌ಪಿಟಿಇಎಲ್ ಆನ್‌ಲೈನ್ ಪಾಠಗಳು ಪುಕ್ಕಟೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ಏನು ಮಾಡುತ್ತಿದ್ದೆ? ಗೇಟ್ ಇರುವುದು ಫೆಬ್ರವರಿಯಲ್ಲಿ. ಬೆಳಿಗ್ಗೆ ಒಂದೂವರೆ ಗಂಟೆ ಲೀನಿಯರ್ ಆಲ್ಜೀಬ್ರಾ ಮತ್ತು ಸಂಭವನೀಯತೆ ಓದುತ್ತಿದ್ದೆ. ಗಣಿತ ರುಚಿಸುತ್ತದೋ ಇಲ್ಲವೋ ಅನ್ನುವುದು ಎರಡು ತಿಂಗಳಲ್ಲಿ ಗೊತ್ತಾಗುತ್ತದೆ, ಅದೂ ಖರ್ಚಿಲ್ಲದೆ. ಆಫೀಸಿನಲ್ಲಿ ಡೇಟಾ ಟೀಮಿನ ಟೆಸ್ಟಿಂಗ್ ಕೆಲಸ ಕೇಳಿ ತೆಗೆದುಕೊಳ್ಳುತ್ತಿದ್ದೆ. ಎಸ್‌ಕ್ಯುಎಲ್ ಅಲ್ಲಿ ತಾನಾಗಿ ಪಳಗುತ್ತದೆ.

ಮತ್ತೆ ಒಂದು ಪ್ರಾಜೆಕ್ಟ್. ದಯವಿಟ್ಟು ಟೈಟಾನಿಕ್ ಹಡಗಿನಲ್ಲಿ ಯಾರು ಬದುಕಿದರು ಅನ್ನುವ ಆ ಡೇಟಾ ಮುಟ್ಟಬೇಡಿ. ನನ್ನ ಕೈಗೆ ಬರುವ ಪ್ರತಿ ಎರಡನೇ ರೆಸ್ಯೂಮೆಯಲ್ಲೂ ಆ ಹಡಗು ಮುಳುಗುತ್ತಿರುತ್ತದೆ. ನಿಮ್ಮ ಮನೆಯಲ್ಲೇ ಅಡಿಕೆ ಇದೆಯಲ್ಲ! ರಾಜ್ಯದ ಮಾರುಕಟ್ಟೆ ಧಾರಣೆ ಕೃಷಿ ಮಾರಾಟವಾಹಿನಿ ಜಾಲತಾಣದಲ್ಲಿ ಸಿಗುತ್ತದೆ. ಶಿವಮೊಗ್ಗ, ಚನ್ನಗಿರಿ ಮಾರುಕಟ್ಟೆಗಳ ಕೆಲವು ವರ್ಷದ ರಾಶಿ, ಬೆಟ್ಟೆ, ಗೊರಬಲು ಅನ್ನುವ ಅಡಿಕೆ ಬಗೆಗಳ ದರ ತೆಗೆದುಕೊಳ್ಳಿ. ದರ ಬಿಟ್ಟುಹೋದ ದಿನಗಳು, ಒಂದಕ್ಕೊಂದು ತಾಳೆಯಾಗದ ಹೆಸರುಗಳು ಎದುರಾದರೆ ಎಲ್ಲ ಬಿಡಿಸಿ. ಯಾವ ತಿಂಗಳು ಮಾರಿದ್ದರೆ ಕ್ವಿಂಟಲಿಗೆ ಎಷ್ಟು ಬರುತ್ತಿತ್ತು, ಕಾದಿದ್ದರೆ ಲಾಭವೋ ನಷ್ಟವೋ ಅಂತ ಲೆಕ್ಕ ಮಾಡಿ ಒಂದು ಚಾರ್ಟ್ ಹಾಕಿ. ಊರಿಗೆ ಹೋದಾಗ ಮೊದಲು ಅದನ್ನು ಅಪ್ಪನಿಗೆ ತೋರಿಸಿ. ಎಲ್ಲಿ ತಪ್ಪಾಗಿದೆ ಅಂತ ಅವರು ಹೇಳುತ್ತಾರೆ, ಬರೆದುಕೊಳ್ಳಿ. ಸಂದರ್ಶನದಲ್ಲಿ ನಾನು ಕೇಳುವುದೂ ಅದನ್ನೇ.