ಪದ ಪರಿಚಯ: ‘ಫೋರ್ ಒನ್ ಎ, ಫೋರ್ ಒನ್ ಬಿ’

ಕಲಬುರಗಿಯ ಸರ್ಕಾರಿ ಕಚೇರಿಗಳಲ್ಲಿ ಕೂತವರಿಗೂ, ಅಲ್ಲಿಗೆ ಅರ್ಜಿ ಹಿಡಿದು ಹೋಗುವವರಿಗೂ ಈ ಎರಡು ಹೆಸರು ಪರಿಚಿತ. ಮಾಹಿತಿ ಹಕ್ಕು ಕಾಯ್ದೆ, 2005ರ ಕಲಂ 4(1)(ಎ) ಮತ್ತು 4(1)(ಬಿ)ಗೆ ಬಾಯಿಮಾತಿನಲ್ಲಿ ಹೀಗೆನ್ನುತ್ತಾರೆ. ಯಾರೂ ಅರ್ಜಿ ಹಾಕದೆ ಇದ್ದರೂ ಕಚೇರಿ ತಾನಾಗಿಯೇ ಮಾಡಿಡಬೇಕಾದ ಕೆಲಸ ಇವೆರಡರಲ್ಲಿದೆ.

ಜನರಿಗೆ ಹೆಚ್ಚು ಗೊತ್ತಿರುವುದು ಕಲಂ 6. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಅರ್ಜಿ ಕೊಟ್ಟರೆ 30 ದಿನದಲ್ಲಿ ಉತ್ತರ ಬರಬೇಕು. ಹಾಗಾಗಿ ಏನು ಬೇಕಾದರೂ ಎಲ್ಲರೂ ಅರ್ಜಿಯನ್ನೇ ಹಾಕುತ್ತಾರೆ. ‘ಆರ್‌ಟಿಐ ಭಾಳ ಆಗ್ಯಾವ್ರಿ, ಇದ್ದ ಕೆಲಸ ಮಾಡ್ಲಾಕ ಟೈಮ್ ಇಲ್ಲ’ ಅಂತ ಸಿಬ್ಬಂದಿ ಗೊಣಗುವುದು ಸುಳ್ಳಲ್ಲ. ಗ್ರಾಮ ಪಂಚಾಯಿತಿಯಲ್ಲಂತೂ ಅರ್ಜಿಗೆ ಉತ್ತರ ಕೊಡಬೇಕಾದ ಮಾಹಿತಿ ಅಧಿಕಾರಿ ಎಂದರೆ ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ. ನರೇಗಾ, ಕರ ವಸೂಲಿ, ಗ್ರಾಮಸಭೆ ಎಲ್ಲವೂ ಅವರ ತಲೆ ಮೇಲೆಯೇ. ಆದರೆ ಈ ಹೊರೆ ಇಳಿಸುವ ದಾರಿ ಅದೇ ಕಾಯ್ದೆಯೊಳಗೇ ಇದೆ. ಜನ ಅರ್ಜಿ ಹಾಕುವ ಅಗತ್ಯವೇ ಆದಷ್ಟು ಕಡಿಮೆಯಾಗುವ ಹಾಗೆ ಮಾಹಿತಿಯನ್ನು ಮೊದಲೇ ಹೊರಗಿಡಿ ಎಂದು ಕಲಂ 4(2) ಹೇಳುತ್ತದೆ.

ಫೋರ್ ಒನ್ ಬಿ ಎಂದರೆ 17 ಅಂಶಗಳ ಪಟ್ಟಿ. ಕಚೇರಿಯ ಕೆಲಸವೇನು, ಯಾರಿಗೆ ಎಷ್ಟು ಅಧಿಕಾರ, ಯಾರಿಗೆ ಎಷ್ಟು ಸಂಬಳ, ಬಜೆಟ್ ಎಷ್ಟು, ಸಹಾಯಧನ ಯಾರಿಗೆ ಸಿಕ್ಕಿತು, ಮಾಹಿತಿ ಅಧಿಕಾರಿ ಯಾರು ಎಂಬುದೆಲ್ಲ ಅದರಲ್ಲಿರಬೇಕು. ಕಾಯ್ದೆ ಬಂದ 120 ದಿನದೊಳಗೆ ಇದನ್ನು ಪ್ರಕಟಿಸಬೇಕಿತ್ತು, ಆಮೇಲೆ ಪ್ರತಿ ವರ್ಷ ಪರಿಷ್ಕರಿಸಬೇಕು. ಎಷ್ಟೋ ಕಡೆ ಪರಿಷ್ಕರಣೆ ಎಂದರೆ ಮುಖಪುಟದ ಇಸವಿ ಬದಲಿಸುವುದು, ಅಷ್ಟೇ. ವರ್ಗವಾಗಿ ಹೋದ ಸಾಹೇಬರ ಹೆಸರು ಒಳಗೆ ಹಾಗೇ ಕೂತಿರುತ್ತದೆ.

ನನ್ನ ಕೇಳಿದರೆ ಅಸಲಿ ವಿಷಯ ಇರುವುದು ಫೋರ್ ಒನ್ ಎ ಯಲ್ಲಿ. ಇದರ ಬಗ್ಗೆ ಮಾತು ಕಡಿಮೆ. ಕಚೇರಿಯಲ್ಲಿರುವ ಎಲ್ಲ ಕಡತಗಳ ಪಟ್ಟಿ ಮಾಡಿ, ಸೂಚಿ ತಯಾರಿಸಿ ಇಡಬೇಕು ಎನ್ನುವುದೇ ಅದು. ಕಡತದ ಸಂಖ್ಯೆ, ವಿಷಯ, ಪುಟ ಎಷ್ಟು, ಶುರುವಾದ ದಿನ, ಮುಗಿದ ದಿನ, ಯಾವ ವರ್ಗ, ನಾಶ ಮಾಡಿದ್ದರೆ ಯಾವಾಗ ಎಂಬ ಅಂಕಣಗಳಿರುತ್ತವೆ. ವರ್ಗ ಎಂದರೆ ಕಡತವನ್ನು ಎಷ್ಟು ಕಾಲ ಉಳಿಸಿಕೊಳ್ಳಬೇಕು ಎಂಬ ಲೆಕ್ಕ. ‘ಎ’ ಗುರುತು ಬಿದ್ದದ್ದು ಶಾಶ್ವತ.

ಈ ಪಟ್ಟಿ ಯಾಕೆ ಮುಖ್ಯ? ಚಿಂಚೋಳಿ ತಾಲ್ಲೂಕಿನ ಒಂದು ಊರಲ್ಲಿ ಯಾರೋ ಐದು ವರ್ಷದ ಚರಂಡಿ ಕಾಮಗಾರಿಯ ಬಿಲ್ಲು ಕೇಳಿದರು ಅನ್ನಿ. ಪಟ್ಟಿ ಇದ್ದರೆ ನಂಬರ್ ನೋಡಿ ಕಡತ ತೆಗೆದು ಜೆರಾಕ್ಸ್ ಮಾಡಿಸಿದರೆ ಮುಗಿಯಿತು. ಇಲ್ಲದಿದ್ದರೆ ಬಿಳಿ ಬಟ್ಟೆಯಲ್ಲಿ ಕಟ್ಟಿಟ್ಟ ಗಂಟುಗಳನ್ನು ಒಂದೊಂದಾಗಿ ಬಿಚ್ಚಬೇಕು. ಉತ್ತರ ಬರೆಯುವುದಕ್ಕಿಂತ ಹುಡುಕುವುದಕ್ಕೇ ಜಾಸ್ತಿ ಹೊತ್ತು ಹೋಗುತ್ತದೆ. ‘ಕಡತ ಲಭ್ಯವಿಲ್ಲ’ ಎಂಬ ಹಿಂಬರಹ (ಕಚೇರಿಯ ಲಿಖಿತ ಉತ್ತರ) ಹುಟ್ಟುವುದೂ ಬಹಳ ಸಲ ಇಲ್ಲಿಂದಲೇ. ಅದಕ್ಕೆ ಮೇಲ್ಮನವಿ ಬರುತ್ತದೆ. ಒಂದು ಅರ್ಜಿಯ ಕೆಲಸ ಮೂರಾಗುತ್ತದೆ.

ನಮ್ಮ ಭಾಗಕ್ಕೆ ಇನ್ನೊಂದು ತೊಡಕು ಇದೆ. ಕಲಬುರಗಿ, ಬೀದರ್ ಕಡೆ ನಿಜಾಮರ ಕಾಲದ ಕಂದಾಯ ದಾಖಲೆಗಳು ಉರ್ದುವಿನಲ್ಲಿವೆ. ಹೊಲದ ಹಳೇ ಕಾಗದ ಕೇಳಿದರೆ ಹುಡುಕಿದ ಮೇಲೆ ಓದುವವರನ್ನೂ ಹುಡುಕಬೇಕು. ಯಾದಗಿರಿ ಬೇರೆ ಜಿಲ್ಲೆಯಾಗಿದ್ದು 2009ರ ಕೊನೆಯಲ್ಲಿ. ಅದಕ್ಕೂ ಹಿಂದಿನ ಜಿಲ್ಲಾ ಮಟ್ಟದ ಕಾಗದ ಬೇಕೆಂದರೆ ಕಲಬುರಗಿಯ ಕಡೆ ನೋಡಬೇಕಾಗಬಹುದು. ಆಗ ಅರ್ಜಿ ಪಡೆದ ಕಚೇರಿ ‘ನಮ್ಮಲ್ಲಿಲ್ಲ’ ಎಂದು ಸುಮ್ನೆ ವಾಪಸ್ ಕಳಿಸುವ ಹಾಗಿಲ್ಲ. ಕಲಂ 6(3)ರ ಪ್ರಕಾರ ಐದು ದಿನದೊಳಗೆ ಸಂಬಂಧಪಟ್ಟ ಕಚೇರಿಗೆ ಅದನ್ನು ವರ್ಗಾಯಿಸಬೇಕು.

ಅರ್ಜಿ ಜಾಸ್ತಿಯಾದಾಗ ಇಲಾಖೆಗಳು ಬಳಸುವ ಬೇರೆ ಉಪಾಯಗಳೂ ಇವೆ. ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು ಎಂಬುದು ಕರ್ನಾಟಕದ ನಿಯಮ. ಸಾವಿರಾರು ಪುಟ ಕೇಳಿದರೆ ಪುಟಕ್ಕೆ ಎರಡು ರೂಪಾಯಿಯಂತೆ ಕಟ್ಟಿ ಎಂದು ಪತ್ರ ಬರುತ್ತದೆ, ಇಲ್ಲವೇ ಬಂದು ಕಡತ ನೋಡಿಕೊಳ್ಳಿ ಎನ್ನುತ್ತಾರೆ. ಕಡತದಲ್ಲಿ ಇಲ್ಲದ ಮಾಹಿತಿಯನ್ನು ಹೊಸದಾಗಿ ತಯಾರಿಸಿ ಕೊಡಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿದೆ. ಸಿಬ್ಬಂದಿಯಲ್ಲಿ ಶೇ 75ರಷ್ಟು ಜನ ತಮ್ಮ ಶೇ 75ರಷ್ಟು ಹೊತ್ತನ್ನು ಮಾಹಿತಿ ಒದಗಿಸುವುದರಲ್ಲೇ ಕಳೆಯುವ ಸ್ಥಿತಿ ದೇಶಕ್ಕೆ ಬೇಡ ಎಂದದ್ದೂ ಅದೇ ತೀರ್ಪಿನಲ್ಲಿ. ಅಧಿಕಾರಿಗಳಿಗೆ ಈ ಸಾಲು ಇಷ್ಟ. ಆದರೆ ಇವೆಲ್ಲ ಬಂದ ಅರ್ಜಿಯನ್ನು ಸಂಭಾಳಿಸುವ ದಾರಿಗಳು. ಬರುವುದನ್ನು ಇವು ಕಡಿಮೆ ಮಾಡುವುದಿಲ್ಲ.

ಕಡಿಮೆ ಮಾಡುವುದು ಪ್ರಕಟಣೆ. ನಮ್ಮ ಭಾಗದವರಿಗೆ ಉದ್ಯೋಗದಲ್ಲಿ ಮೀಸಲು ಕೊಡುವ ಸಂವಿಧಾನದ 371(ಜೆ) ವಿಧಿಯಡಿ ನೇಮಕ, ಬಡ್ತಿಯ ಜ್ಯೇಷ್ಠತಾ ಪಟ್ಟಿಯನ್ನೇ ನೋಡಿ. ಒಂದೇ ಪಟ್ಟಿಯನ್ನು ಹತ್ತಾರು ಜನ ಬೇರೆ ಬೇರೆಯಾಗಿ ಕೇಳಬಹುದು. ವೆಬ್‌ಸೈಟಿಗೆ ಒಮ್ಮೆ ಹಾಕಿದರೆ ಅಷ್ಟೂ ಅರ್ಜಿ ಬರುವುದು ತಪ್ಪುತ್ತದೆ. ರಾಜ್ಯ ಸರ್ಕಾರದ ‘ಮಾಹಿತಿ ಕಣಜ’ ಜಾಲತಾಣ ಇದೇ ಉದ್ದೇಶದ್ದು. ಪಡಿತರ, ಪಿಂಚಣಿ, ನರೇಗಾದಂಥ ಯೋಜನೆಗಳ ವಿವರ ಅಲ್ಲಿ ಲಾಗಿನ್ ಇಲ್ಲದೇ ಸಿಗುತ್ತದೆ. ಮಾಹಿತಿ ಹಕ್ಕನ್ನು ಹೆದರಿಸಲು ಬಳಸುವವರೂ ಇದ್ದಾರೆ ಎಂಬ ದೂರು ಉಂಟಲ್ವಾ? ಕಾಗದ ಆಗಲೇ ಎಲ್ಲರ ಕಣ್ಣಿಗೆ ಬಿದ್ದಿದ್ದರೆ ಅದನ್ನು ತೋರಿಸಿ ಯಾರನ್ನು ಹೆದರಿಸುತ್ತಾರೆ?

ಹಾಗಾದರೆ ಕಚೇರಿಗಳು ಇದನ್ನು ಯಾಕೆ ಮಾಡುವುದಿಲ್ಲ? ಅರ್ಜಿಗೆ ಉತ್ತರ ತಡವಾದರೆ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡವಿದೆ. ಫೋರ್ ಒನ್ ಎ, ಬಿ ಮಾಡದಿದ್ದರೆ ಅಂಥ ದಂಡವಿಲ್ಲ. ದಂಡ ಇರುವ ಕೆಲಸ ಮೊದಲು ಆಗುತ್ತದೆ. ಕಲಂ 4 ಜಾರಿಯ ಮೇಲೆ ಮಾಹಿತಿ ಆಯೋಗಗಳು ನಿಗಾ ಇಡಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟ್ ಸೂಚಿಸಿದೆ. ರಾಜ್ಯ ಮಾಹಿತಿ ಆಯೋಗದ ಪೀಠ ಕಲಬುರಗಿಯಲ್ಲೇ ಇದೆ, ದಾಖಲೆಗಳನ್ನು ಸರಿಪಡಿಸಿಕೊಳ್ಳಿ ಎಂದು ಕಚೇರಿಗಳಿಗೆ ಆದೇಶಿಸುವ ಅಧಿಕಾರವೂ ಆಯೋಗಕ್ಕಿದೆ.

ಅರ್ಜಿ ಹಾಕುವವರಿಗೆ ಒಂದು ಮಾತು. ‘ಎಲ್ಲ ದಾಖಲೆ ಕೊಡಿ’ ಎಂದು ಬರೆಯುವ ಮೊದಲು ಆ ಶಾಖೆಯ ಫೋರ್ ಒನ್ ಎ ಪಟ್ಟಿಯನ್ನಷ್ಟೇ ಕೇಳಿ. ಸಿಕ್ಕರೆ ಅದರಲ್ಲಿನ ಕಡತ ಸಂಖ್ಯೆ ಹಾಕಿ ಮುಂದಿನ ಅರ್ಜಿ ಬರೆಯಬಹುದು. ಆಮೇಲೆ ಕಡತ ಲಭ್ಯವಿಲ್ಲ ಎನ್ನುವುದು ಅವರಿಗೂ ಕಷ್ಟ.