ಟ್ರ್ಯಾಕ್ಟರ್ ನೋಟಿಗೆ ಲಕ್ಷ ಸಿಗುತ್ತಾ?

ಪ್ರಶ್ನೆ: ಸರ್, ನನ್ನ ಹತ್ತಿರ ಟ್ರ್ಯಾಕ್ಟರ್ ಚಿತ್ರದ 5 ರೂಪಾಯಿ ನೋಟು ಇದೆ. ನಂಬರಿನಲ್ಲಿ 786 ಕೂಡ ಇದೆ. ಎಷ್ಟು ಸಿಗುತ್ತೆ? ಯಾರಿಗೆ ಕೊಡಬೇಕು?

ಉತ್ತರ: ಐದು ರೂಪಾಯಿ ಸಿಗುತ್ತೆ. ಕಿರಾಣಿ ಅಂಗಡಿಗೆ ಕೊಡಿ.

ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ಹೀಗೆ ಚುಟುಕಾಗಿ ಹೇಳಿದಾಗಲೆಲ್ಲ "ನಿಮಗೆ ಗೊತ್ತಿಲ್ಲ ಬಿಡಿ, ಯೂಟ್ಯೂಬಲ್ಲಿ ತೋರಿಸಿದ್ದಾರೆ" ಅಂತ ವಾಪಸ್ ಬರುತ್ತೆ. ಇಲ್ಲವೇ "ಕಮ್ಮಿ ಬೆಲೆಗೆ ನೀವೇ ಹೊಡ್ಕೊಳ್ಳೋಣ ಅಂತ ತಾನೇ?" ಅಂತ. ಹಾಗಾಗಿ ಈ ಸಲ ಪೂರ್ತಿ ಬರೆದುಬಿಡುತ್ತೇನೆ. ಇನ್ನು ಮುಂದೆ ಯಾರು ಕೇಳಿದರೂ ಇದನ್ನೇ ಕಳಿಸುವುದು.

ಮೊದಲು ನೋಟು. ಮುಂದೆ ಗಾಂಧಿ, ಹಿಂದೆ ಹೊಲ ಉಳುತ್ತಿರುವ ಟ್ರ್ಯಾಕ್ಟರ್. ಇದು ತಾತನ ಕಾಲದ್ದೇನೂ ಅಲ್ಲ. ಗಾಂಧಿ ಚಿತ್ರದ ಐದರ ನೋಟು ಬಂದದ್ದೇ 2001ರಲ್ಲಿ. ರದ್ದೂ ಆಗಿಲ್ಲ. ಸಣ್ಣ ನೋಟು ಕೈಯಿಂದ ಕೈಗೆ ಓಡಾಡಿ ಬೇಗ ಹರಿಯುತ್ತೆ, ನಾಣ್ಯವಾದರೆ ಬಾಳಿಕೆ ಬರುತ್ತೆ. ನಾಣ್ಯ ಜಾಸ್ತಿಯಾಯಿತು, ನೋಟು ಕಣ್ಣಿಗೆ ಬೀಳುವುದು ಕಮ್ಮಿಯಾಯಿತು. ಕಣ್ಣಿಗೆ ಬೀಳದ್ದೆಲ್ಲ ಅಪರೂಪ ಅಂತ ಜನ ತೀರ್ಮಾನ ಮಾಡಿಬಿಟ್ಟರು. ಅವು ಎಲ್ಲಿ ಹೋಗಿವೆ ಅಂದುಕೊಂಡಿರಿ? ದೇವರ ಮನೆಯ ಡಬ್ಬಿಯಲ್ಲಿವೆ, ಬೀರುವಿನ ಸೀರೆ ಮಡಿಕೆಯಲ್ಲಿವೆ, ಲಕ್ಷ ಬರುತ್ತೆ ಅಂತ ಕಾಯುತ್ತಿರುವವರ ಪರ್ಸಿನಲ್ಲಿವೆ. ಊರಿಗೆ ಊರೇ ಎತ್ತಿಟ್ಟ ವಸ್ತು ಅಪರೂಪವಾಗುವುದು ಹೇಗೆ?

ಇನ್ನು 786. ಇದಕ್ಕೆ ನಂಬಿಕೆ ಬೇಡ, ಕೂಡೋದು ಕಳೆಯೋದು ಬಂದರೆ ಸಾಕು. ನೋಟಿನ ನಂಬರಿನಲ್ಲಿ ಮೊದಲು ಅಕ್ಷರ ಸೇರಿದ ಒಂದು ಗುರುತು, ಆಮೇಲೆ ಆರು ಅಂಕಿ. ಅಂದರೆ ಒಂದು ಗುರುತಿಗೆ ಹತ್ತು ಲಕ್ಷ ನೋಟು. ಅದರಲ್ಲಿ ಕೊನೆಯ ಮೂರು ಅಂಕಿ 786 ಆಗಿರುವವು ಸರಿಯಾಗಿ 1000. ಕೊನೆಯಲ್ಲೇ ಇರಬೇಕಿಲ್ಲ, ಎಲ್ಲಿದ್ದರೂ ಆಯಿತು ಅಂದರೆ ನಾಲ್ಕು ಜಾಗ, ಅಲ್ಲಿಗೆ 4000. 786786 ಅನ್ನುವ ನೋಟು ಎರಡು ಸಲ ಲೆಕ್ಕಕ್ಕೆ ಬಂದಿದೆ, ಒಂದು ಕಳೆಯಿರಿ. ಉಳಿದದ್ದು 3999. ಹೆಚ್ಚುಕಮ್ಮಿ 250 ನೋಟಿಗೆ ಒಂದು! ಬ್ಯಾಂಕಿನ ಕ್ಯಾಷಿಯರ್ ದಿನಾ ಎಷ್ಟು ನೋಡುತ್ತಾರೆ ಅಂತ ನೀವೇ ಯೋಚಿಸಿ. ಆ ನಂಬರನ್ನು ಪವಿತ್ರ ಅಂತ ಇಷ್ಟಪಟ್ಟು ತೆಗೆದುಕೊಳ್ಳುವವರು ಇದ್ದಾರೆ, ಮಡಿಕೆ ಬೀಳದ ಗರಿಗರಿ ನೋಟಾದರೆ ಸ್ವಲ್ಪ ಜಾಸ್ತಿ ಕೊಡುತ್ತಾರೆ ಕೂಡ. ಸ್ವಲ್ಪ ಜಾಸ್ತಿ ಬೇರೆ, ಐದು ಲಕ್ಷ ಬೇರೆ.

"ಆನ್‌ಲೈನಲ್ಲಿ ಮೂರು ಲಕ್ಷ ಅಂತ ಹಾಕಿದ್ದಾರಲ್ಲ ಸರ್?" ಹಾಕುವುದಕ್ಕೇನು, ನನ್ನ ಹಳೇ ಹವಾಯಿ ಚಪ್ಪಲಿಯನ್ನು ನಾನು ಒಂದು ಕೋಟಿಗೆ ಹಾಕಬಹುದು. ಮಾರುವವನು ಕೇಳಿದ್ದು ಬೆಲೆಯಲ್ಲ, ಕೊಳ್ಳುವವನು ಕೊಟ್ಟದ್ದು ಬೆಲೆ. ಆ ಜಾಹೀರಾತನ್ನು ಆರು ತಿಂಗಳು ಬಿಟ್ಟು ನೋಡಿ, ಅಲ್ಲೇ ಇರುತ್ತೆ.

ಇಷ್ಟಾದರೂ ನಂಬದವರು ನಂಬರ್ ಹುಡುಕಿ ಫೋನ್ ಮಾಡುತ್ತಾರೆ. ಆ ಕಡೆಯವರು ತುಂಬಾ ಒಳ್ಳೆಯವರು, ಚೌಕಾಸಿ ಮಾಡುವುದೇ ಇಲ್ಲ. ವಾಟ್ಸಾಪಿನಲ್ಲಿ ಫೋಟೋ ಕಳಿಸಿದ ಐದೇ ನಿಮಿಷಕ್ಕೆ ಲಕ್ಷಗಳಲ್ಲಿ ರೇಟ್ ಫಿಕ್ಸ್. ಆಮೇಲೆ ರಿಜಿಸ್ಟ್ರೇಷನ್‌ಗೆ ಒಂದಿಷ್ಟು, ತೆರಿಗೆಗೆ ಒಂದಿಷ್ಟು, ಆರ್‌ಬಿಐ ಪರ್ಮಿಷನ್‌ಗೆ ಇನ್ನೊಂದಿಷ್ಟು. ಮುದ್ರೆ ಹೊಡೆದ ಕಾಗದವೂ ಬರುತ್ತೆ. 2021ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಇದೇ ವಿಷಯಕ್ಕೆ ಪ್ರಕಟಣೆ ಹೊರಡಿಸಿತು. ಹಳೇ ನೋಟು, ನಾಣ್ಯದ ವ್ಯಾಪಾರಕ್ಕೆ ನಾವು ಕೈ ಹಾಕುವುದಿಲ್ಲ, ಅದಕ್ಕೆ ಫೀಸು ಕಮಿಷನ್ನು ಯಾವುದನ್ನೂ ಕೇಳುವುದಿಲ್ಲ, ನಮ್ಮ ಹೆಸರಿನಲ್ಲಿ ವಸೂಲಿ ಮಾಡಲು ಯಾರಿಗೂ ಅಧಿಕಾರ ಕೊಟ್ಟಿಲ್ಲ ಅಂತ. ಮಾರುವವರು ನೀವು. ದುಡ್ಡು ನಿಮ್ಮ ಕಡೆಗೆ ಬರಬೇಕು, ಅಲ್ವಾ? ನಿಮ್ಮಿಂದಲೇ ಹೊರಟಿದ್ದರೆ ಅಲ್ಲಿಗೆ ಫೋನ್ ಇಡಿ.

ಈ ಎಲ್ಲದರ ಬುಡದಲ್ಲಿರುವ ನಂಬಿಕೆ ಒಂದೇ: ಹಳೆಯದಾದರೆ ಬೆಲೆ ಬರುತ್ತೆ. ಬರುವುದಿಲ್ಲ. ಎಷ್ಟು ಉಳಿದಿವೆ, ಯಾವ ಸ್ಥಿತಿಯಲ್ಲಿವೆ, ಎಷ್ಟು ಜನಕ್ಕೆ ಬೇಕು ಅನ್ನುವುದರ ಮೇಲೆ ಬೆಲೆ. ವಯಸ್ಸು ಆಮೇಲಿನ ಮಾತು. ನೂರಾರು ವರ್ಷದ ಸವೆದ ತಾಮ್ರದ ಕಾಸು ಕೆಲವು ನೂರು ರೂಪಾಯಿಗೆ ಸಿಗುತ್ತೆ. ಅಜ್ಜಿಯ ಡಬ್ಬಿಯಲ್ಲಿರುವ ತೂತು ಕಾಸು 1943ರಿಂದ 47ರವರೆಗೆ ಬಂದದ್ದು. ಯುದ್ಧಕಾಲದಲ್ಲಿ ಲೋಹ ಉಳಿಸಲು ನಡುವೆ ತೂತು ಬಿಟ್ಟರು. ನೋಡಲು ಬಲು ಚೆಂದ, ಆದರೆ ರಾಶಿ ರಾಶಿ ಹೊಡೆದಿದ್ದರು, ಈಗಲೂ ಬೇಕಾದಷ್ಟು ಸಿಗುತ್ತೆ.

ಇದಕ್ಕಿಂತ ಕೆಟ್ಟದ್ದು "1818ರ ಈಸ್ಟ್ ಇಂಡಿಯಾ ಕಂಪನಿ ನಾಣ್ಯ, ಹಿಂದೆ ರಾಮ ಸೀತೆ ಆಂಜನೇಯ ಇದ್ದಾರೆ" ಅನ್ನುವುದು. ಅಂಥ ನಾಣ್ಯವನ್ನು ಕಂಪನಿ ಹೊಡೆದೇ ಇಲ್ಲ. ದೇವಸ್ಥಾನದ ಬಿಲ್ಲೆಗಳ ಥರ ಯಾರೋ ಆಮೇಲೆ ಮಾಡಿ ಮಾರಿದ್ದು. ಇದನ್ನೇ ಹಿಡಿದುಕೊಂಡು ಸಿಡಿಲು ಬಡಿದು ಶಕ್ತಿ ಬಂದಿದೆ, ಅಕ್ಕಿಯನ್ನೇ ತನ್ನ ಕಡೆಗೆ ಎಳೆಯುತ್ತೆ ಅಂತ ನಂಬಿಸಿ ಮೋಸ ಮಾಡುವ ರೈಸ್ ಪುಲ್ಲಿಂಗ್ ಗ್ಯಾಂಗಿನವರು ಆಸ್ತಿ ಬರೆಸಿಕೊಳ್ಳುವವರೆಗೆ ಹೋಗುತ್ತಾರೆ. ಅಕ್ಕಿಗೆ ಕಬ್ಬಿಣದ ಪುಡಿ ಹಚ್ಚಿ ಆಯಸ್ಕಾಂತ ಬಚ್ಚಿಟ್ಟರೆ ಪಾತ್ರೆ ಮುಚ್ಚಳವೂ ಅಕ್ಕಿ ಎಳೆಯುತ್ತೆ.

ಒಂದು ವೇಳೆ ನಿಮ್ಮ ಹತ್ತಿರ ನಿಜವಾಗಿ ಒಳ್ಳೆಯ ನಾಣ್ಯ ಇದ್ದರೆ, ದಯವಿಟ್ಟು ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ. ಫಳಫಳ ಹೊಳೆಯುತ್ತೆ, ಬೆಲೆ ಹೋಗುತ್ತೆ. ಮೇಲಿನ ಕಂದು ಪದರ ಕೊಳೆಯಲ್ಲ, ಅದು ಇರಬೇಕಾದದ್ದೇ. ಹಾಗೇ ಹಳೇ 500, 1000ದ ನೋಟುಗಳನ್ನು "ಮುಂದೆ ಬೆಲೆ ಬರುತ್ತೆ" ಅಂತ ಕಟ್ಟು ಕಟ್ಟಾಗಿ ಇಟ್ಟುಕೊಂಡವರಿಗೆ: 2017ರ ಕಾನೂನಿನ ಪ್ರಕಾರ ಒಬ್ಬರು 10 ನೋಟಿಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಅಧ್ಯಯನ, ನಾಣ್ಯಸಂಗ್ರಹಕ್ಕೆ ಅಂದರೆ 25ರವರೆಗೆ.

ಇಷ್ಟು ಬೈಸಿಕೊಂಡ ಮೇಲೆ "ಹಾಗಾದರೆ ಏನು ಕೂಡಿಡೋಣ?" ಅಂತ ನೀವು ಕೇಳಬೇಕಿತ್ತು. ಯಾರೂ ಕೇಳುವುದಿಲ್ಲ, ಅದೇ ನನ್ನ ಬೇಜಾರು. ಆದರೂ ಹೇಳುತ್ತೇನೆ. ಹತ್ತು ರೂಪಾಯಿ ನಾಣ್ಯ!

ಹೌದು, ಅಂಗಡಿಯವರು "ಇದು ನಡೆಯಲ್ಲ" ಅಂತ ವಾಪಸ್ ತಳ್ಳುವ ಅದೇ ನಾಣ್ಯ. ಎಲ್ಲವೂ ನಡೆಯುತ್ತವೆ. 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಅಲ್ಲಿಯವರೆಗೆ ಬಂದಿದ್ದ 14 ವಿನ್ಯಾಸಗಳೂ ಅಸಲಿ ಅಂತ ಹೇಳಿದೆ. ತಮಾಷೆ ನೋಡಿ, ನಡೆಯುವ ಹತ್ತರ ನಾಣ್ಯವನ್ನು ನಕಲಿ ಅನ್ನುವವರೇ ಟ್ರ್ಯಾಕ್ಟರ್ ನೋಟಿಗೆ ಲಕ್ಷ ಅನ್ನುತ್ತಾರೆ. ಆ 14ರಲ್ಲಿ ಹೋಮಿ ಭಾಭಾ ಇದ್ದಾರೆ, ಅಂಬೇಡ್ಕರ್ ಅವರ 125ನೇ ಜಯಂತಿಯದ್ದಿದೆ, ಯೋಗ ದಿನದ್ದಿದೆ. "ಹತ್ತು ಲಕ್ಷ ಸಿಗುತ್ತೆ" ಅಂತ ಸುದ್ದಿ ಹಬ್ಬಿಸಿರುವ 2012ರ ವೈಷ್ಣೋದೇವಿಯೂ ಅದರಲ್ಲೇ ಒಂದು. ಎಲ್ಲ ಸೇರಿ ಮುಖಬೆಲೆ 140 ರೂಪಾಯಿ.

ಮಕ್ಕಳಿಗೆ ಹೇಳಿಕೊಡಿ. ಇಸವಿಯ ಕೆಳಗೆ ಕಣ್ಣು ಕಿರಿದು ಮಾಡಿ ನೋಡಲಿ. ನಕ್ಷತ್ರ ಇದ್ದರೆ ಹೈದರಾಬಾದ್ ಟಂಕಸಾಲೆ (ನಾಣ್ಯ ಹೊಡೆಯುವ ಜಾಗ), ವಜ್ರದಾಕಾರ ಇದ್ದರೆ ಮುಂಬೈ, ಚುಕ್ಕಿ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಇಷ್ಟು ಗೊತ್ತಾದ ಮಗು ನಿಮ್ಮ ಮನೆಯ ಚಿಲ್ಲರೆಯನ್ನೆಲ್ಲ ನೆಲದ ಮೇಲೆ ಸುರಿದುಕೊಂಡು ಕೂರುತ್ತೆ, ಖಂಡಿತ. ಹಳ್ಳಿಯಲ್ಲಿ ಅಜ್ಜಿ ಇದ್ದರೆ ಅಲ್ಲಿಂದ ಪೈಸೆಗಳ ಸರಣಿ ಶುರು ಮಾಡಿ: ಆರು ಮೂಲೆಯ ಮೂರು ಪೈಸೆ, ಅಂಚು ಅಲೆಅಲೆಯಾದ ಹತ್ತು ಪೈಸೆ, ಚೌಕದ ಐದು ಪೈಸೆ, ಆಮೇಲೆ ನಾಲ್ಕಾಣೆ. ನಾಲ್ಕಾಣೆ ಮತ್ತು ಅದಕ್ಕಿಂತ ಚಿಕ್ಕವು 2011ರ ಜೂನ್ ಕೊನೆಗೆ ಚಲಾವಣೆಯಿಂದ ಹೋದವು. ಎಂಟಾಣೆ ಮಾತ್ರ ಈಗಲೂ ಕಾನೂನಿನ ಪ್ರಕಾರ ದುಡ್ಡೇ. ಅಂಗಡಿಯಲ್ಲಿ ಕೊಟ್ಟು ನೋಡಿ, ಜಗಳಕ್ಕೆ ನಾನು ಬರುವುದಿಲ್ಲ.